62 ಇಂಚಿನ ತಕರಾರು: ಓಲಾಡಿದ ಟ್ರೈಲರ್‌ನ ಒಂದು ಪ್ರಕರಣ

2021ರ ಜುಲೈ. ಮಿಷಿಗನ್ ರಾಜ್ಯದ ಐ-75 ಹೆದ್ದಾರಿ. ಗೇಲಾರ್ಡ್ ಊರು ದಾಟಿ ಉತ್ತರಕ್ಕೆ ಇಳಿಜಾರಿನಲ್ಲಿ ಹೋಗುತ್ತಿದ್ದಾಗ ನಮ್ಮ ಭಾವನ ಪಿಕಪ್‌ನ ಹಿಂದಿದ್ದ ಟ್ರಾವೆಲ್ ಟ್ರೈಲರ್ ಓಲಾಡತೊಡಗಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಯಾಕೆ ಓಲಾಡಿತು ಅನ್ನೋ ಪ್ರಶ್ನೆಗೆ ಅದೇ ದಿನ ಕತ್ತಲಾಗುವಷ್ಟರಲ್ಲಿ ನಾಲ್ಕು ಉತ್ತರ ಸಿಕ್ಕಿದ್ದವು.

ಭಾವನ ಉತ್ತರ: ಗಾಳಿ. ಅಕ್ಕನ ಉತ್ತರ: ಸ್ಪೀಡು. ಟ್ರೈಲರ್ ಮಾರಿದ ಅಂಗಡಿಯವನು ಫೋನಿನಲ್ಲಿ ಹೇಳಿದ್ದು: ಓಲಾಟ ತಡೆಯುವ ಫ್ರಿಕ್ಷನ್ ಬಾರನ್ನು ಇನ್ನೊಂದು ಸುತ್ತು ಬಿಗಿ ಮಾಡಿ. ಮಂಡ್ಯದಿಂದ ಅಪ್ಪ ಹೇಳಿದ್ದು: "ಗಾಡಿ ಹಿಂಭಾರ ಆಗೈತೆ ಕಣ್ಲಾ. ಮುಂದ್ಕೆ ಹೇರಿ."

ನಾನು ಹೊಟ್ಟೆಪಾಡಿಗೆ ಕಾರುಗಳ ಸಸ್ಪೆನ್ಷನ್ ಕೆಲಸ ಮಾಡುವವನು. ಅವತ್ತು ಅವರ ಹಿಂದೆಯೇ ನನ್ನ ಕಾರಿನಲ್ಲಿದ್ದೆ. ಪೂರ್ತಿ ಕಣ್ಣಾರೆ ಕಂಡೆ. ಆಮೇಲೆ ಎರಡು ವರ್ಷ ಬಿಡದೆ ಇದರ ಹಿಂದೆ ಬಿದ್ದೆ. ಆ ನಾಲ್ಕು ಉತ್ತರಗಳಲ್ಲಿ ಯಾವುದು ಎಷ್ಟು ನಿಜ, ಐದನೆಯ ಉತ್ತರ ಒಂದಿತ್ತಾ ಅನ್ನೋದೇ ಇಲ್ಲಿನ ವಿಷಯ.

ಮೊದಲು ಗಾಡಿಯ ಪರಿಚಯ. ಟ್ರಾವೆಲ್ ಟ್ರೈಲರ್ ಅಂದರೆ ಚಕ್ರದ ಮೇಲಿನ ಒಂದು ಪುಟ್ಟ ಮನೆ. ಒಲೆ, ಫ್ರಿಜ್, ಬಚ್ಚಲು, ಬಂಕ್ ಹಾಸಿಗೆ ಎಲ್ಲ ಇರುತ್ತದೆ, ಎಂಜಿನ್ ಒಂದು ಬಿಟ್ಟು. ಮುಂದಿನ ಮೂತಿಯನ್ನು ಪಿಕಪ್‌ನ ಹಿಂದಿರುವ ಕಬ್ಬಿಣದ ಗುಂಡಿಗೆ, ಅಂದರೆ ಬಾಲ್‌ಗೆ, ಸಿಕ್ಕಿಸಿ ಎಳೆಯಬೇಕು. ಆ ವರ್ಷ ಅಮೆರಿಕದಲ್ಲಿ ಎಲ್ಲರಿಗೂ ಇದರದ್ದೇ ಹುಚ್ಚು. ಕೋವಿಡ್ ಕಾಲ. ವಿಮಾನ ಹತ್ತೋಕೆ ಭಯ, ಹೋಟೆಲ್ ಅಂದರೂ ಭಯ, ಊರಿಗೆ ಹೋಗೋ ಮಾತೇ ಇಲ್ಲ. ಟ್ರೈಲರ್, ಮೋಟರ್‌ಹೋಮ್ ಎಲ್ಲ ಸೇರಿ ಆ ಒಂದೇ ವರ್ಷ 6 ಲಕ್ಷ ಗಾಡಿಗಳು ಫ್ಯಾಕ್ಟರಿಗಳಿಂದ ಹೊರಬಿದ್ದವು. ಅದು ದಾಖಲೆ. ಬಹುಪಾಲು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತ ತಯಾರಾದವು. ಭಾವನದ್ದೂ ಅಲ್ಲಿಂದ ಬಂದದ್ದೇ.

ಬಾಲ್‌ನಿಂದ ಹಿಂದಿನ ಬಂಪರ್‌ವರೆಗೆ 29 ಅಡಿ. ಬಾಲ್‌ನಿಂದ ಚಕ್ರಗಳ ನಡುವಿಗೆ 18 ಅಡಿ, ಚಕ್ರದಿಂದ ಹಿಂದಕ್ಕೆ 11. ಎಳೆಯುವ ಪಿಕಪ್ 2016ರದ್ದು. ಅದರ ಮುಂದಿನ ಮತ್ತು ಹಿಂದಿನ ಆ್ಯಕ್ಸಲ್‌ಗಳ ನಡುವೆ 145 ಇಂಚು. ಹಿಂದಿನ ಆ್ಯಕ್ಸಲ್‌ನಿಂದ ಬಾಲ್‌ಗೆ 62 ಇಂಚು. ಈ ಕೊನೆಯ ಅಂಕಿ ನೆನಪಿರಲಿ. ಅವತ್ತು ನಮ್ಮಲ್ಲಿ ಯಾರೂ ಅದನ್ನು ಅಳೆದಿರಲಿಲ್ಲ.

ಅಂಗಡಿಯವರು ಎರಡು ಸ್ಪ್ರಿಂಗ್ ಬಾರ್ ಇರುವ ಹಿಚ್, ಅಂದರೆ ಪಿಕಪ್‌ಗೂ ಟ್ರೈಲರ್‌ಗೂ ನಡುವಿನ ಜೋಡಣೆ, ಹಾಕಿಕೊಟ್ಟಿದ್ದರು. ಹಿಂದೆ ಕುಸಿದ ಭಾರವನ್ನು ಎತ್ತಿ ಸ್ವಲ್ಪ ಮುಂದಿನ ಚಕ್ರಕ್ಕೆ ಹಂಚುವುದು ಅದರ ಕೆಲಸ. ಜೊತೆಗೆ ಒಂದು ಫ್ರಿಕ್ಷನ್ ಬಾರ್. ಇದು ಒಂದರೊಳಗೊಂದು ಜಾರುವ ಎರಡು ಪಟ್ಟಿ, ನಡುವೆ ಬ್ರೇಕ್ ಪ್ಯಾಡಿನಂಥ ಸಾಮಾನು. ಟ್ರೈಲರ್ ಆಚೀಚೆ ತಿರುಗಿದಾಗ ಉಜ್ಜಿಕೊಂಡು ತಡೆಯುತ್ತದೆ. "ಇದಿದ್ರೆ ಸಾಕು, ಓಲಾಟದ ಚಿಂತೆ ಬಿಡಿ" ಅಂದಿದ್ದರು.

ಹನ್ನೆರಡು ಸೆಕೆಂಡ್

ಬೆಳಿಗ್ಗೆಯಿಂದ ಗಾಡಿ ಚೆನ್ನಾಗೇ ಬಂದಿತ್ತು. ಫ್ಲಿಂಟ್, ಸ್ಯಾಗಿನಾ, ಬೇ ಸಿಟಿ ದಾಟುವವರೆಗೆ ಭಾವ ಗಂಟೆಗೆ 60 ಮೈಲಿಯಲ್ಲಿದ್ದರು. ಏನೂ ಆಗುತ್ತಿಲ್ಲ ಅಂತ ಧೈರ್ಯ ಬಂತು. ಗೇಲಾರ್ಡ್ ಹತ್ತಿರ ರಸ್ತೆ ಬದಿ ಒಂದು ಬೋರ್ಡ್ ಬರುತ್ತದೆ, ಭೂಮಧ್ಯರೇಖೆಗೂ ಉತ್ತರ ಧ್ರುವಕ್ಕೂ ಸರಿ ನಡುವೆ ಇದ್ದೀರಿ ಅಂತ. ಅಲ್ಲಿ 65. ಇಳಿಜಾರಿಗೆ ಬರುವಾಗ 68, ಅಂದರೆ ಗಂಟೆಗೆ 110 ಕಿಲೋಮೀಟರ್ ಹತ್ತಿರ.

ಎಡಗಡೆಯಿಂದ ಒಂದು ದೊಡ್ಡ ಸೆಮಿ ಲಾರಿ ಓವರ್‌ಟೇಕ್ ಮಾಡಿತು. ಅಂಥ ಲಾರಿಯ ಮೂತಿ ಒಂದು ಗಾಳಿಯ ದಿಮ್ಮಿಯನ್ನು ತಳ್ಳಿಕೊಂಡೇ ಬರುತ್ತದೆ. ಅದು ಮೊದಲು ಟ್ರೈಲರ್‌ನ ಹಿಂಭಾಗವನ್ನು ಆಚೆ ನೂಕುತ್ತದೆ, ಪಕ್ಕಕ್ಕೆ ಬಂದ ಮೇಲೆ ಈಚೆ ಎಳೆಯುತ್ತದೆ. ಟ್ರೈಲರ್ ಬಾಲ ಒಂದು ಅಡಿಯಷ್ಟು ಬಲಕ್ಕೆ ಹೋಗಿ ಬಂತು. ಇದು ಮಾಮೂಲು. ಎರಡನೇ ಸಲ ಜಾಸ್ತಿ ಹೋಯಿತು. ಮೂರನೇ ಸಲ ಲೇನಿನ ಬಿಳಿ ಗೆರೆ ದಾಟಿತು. ಅಷ್ಟರಲ್ಲಿ ಲಾರಿ ನೂರು ಗಜ ಮುಂದೆ ಹೋಗಿಯಾಗಿತ್ತು.

ಈ ಒಂದು ಮಾತಿಗೇ ಭಾವನ ಉತ್ತರ ಬಿದ್ದುಹೋಗುತ್ತದೆ. ನೂಕಿದ ಗಾಳಿ ಹೋದ ಮೇಲೂ ಓಲಾಟ ಬೆಳೆಯುತ್ತಿದೆ ಅಂದರೆ ಗಾಳಿ ಬರೀ ಕಿಡಿ. ಒಣಹುಲ್ಲು ಬೇರೆಲ್ಲೋ ಇತ್ತು.

ಭಾವ ಸಹಜವಾಗಿ ಸ್ಟೀರಿಂಗ್ ಎದುರು ದಿಕ್ಕಿಗೆ ತಿರುಗಿಸಿದರು. ಬ್ರೇಕ್ ಮೇಲೂ ಒಮ್ಮೆ ಕಾಲಿಟ್ಟರು. ಎರಡೂ ತಪ್ಪು. ಟ್ರೈಲರ್ ಓಲಾಡುವುದು ಎರಡು ಸೆಕೆಂಡಿಗೆ ಒಂದು ಸುತ್ತಿನ ಲೆಕ್ಕದಲ್ಲಿ. ನಮ್ಮ ಕಣ್ಣು ನೋಡಿ, ಕೈ ತಿರುಗಿಸಿ, ಚಕ್ರ ಕೇಳುವಷ್ಟರಲ್ಲಿ ಅದು ಇನ್ನೊಂದು ಕಡೆಗೆ ಹೊರಟಿರುತ್ತದೆ. ತಡೆಯೋಕೆ ಹೋಗಿ ನಾವೇ ತಳ್ಳುತ್ತೇವೆ. ಪಿಕಪ್‌ನ ಬ್ರೇಕ್ ಒತ್ತಿದರೆ ಹಿಂದಿನ ಮೂರು ಸಾವಿರ ಕಿಲೋ ಮೀರಿದ ಮನೆ ಮುಂದಕ್ಕೆ ನುಗ್ಗಿ ಇನ್ನಷ್ಟು ಮಡಚಿಕೊಳ್ಳಲು ನೋಡುತ್ತದೆ. ಪಿಕಪ್‌ನಲ್ಲೇ ಇದ್ದ ಎಲೆಕ್ಟ್ರಾನಿಕ್ ವ್ಯವಸ್ಥೆ ಕೂಡ ಒಂದೊಂದೇ ಚಕ್ರ ಹಿಡಿದು ಒದ್ದಾಡುತ್ತಿತ್ತಂತೆ. ಡ್ಯಾಶ್‌ಬೋರ್ಡಿನಲ್ಲಿ ದೀಪ ಮಿಣುಕಿದ್ದನ್ನು ಅಕ್ಕ ನೋಡಿದ್ದಾಳೆ.

ಉಳಿಸಿದ್ದು ಅಕ್ಕನ ಕೂಗು. "ರೀ, ಕಾಲು ತೆಗೀರಿ! ಆ ಲಿವರ್ ಎಳೀರಿ!" ಟ್ರೈಲರ್ ಬ್ರೇಕ್ ಕಂಟ್ರೋಲರ್‌ನಲ್ಲಿ ಕೈಯಲ್ಲಿ ಎಳೆಯುವ ಒಂದು ಲಿವರ್ ಇರುತ್ತದೆ. ಅದು ಟ್ರೈಲರ್ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಹಿಂದಿನಿಂದ ಯಾರೋ ಬಾಲ ಹಿಡಿದು ಜಗ್ಗಿದ ಹಾಗೆ ಗಾಡಿ ನೆಟ್ಟಗಾಯಿತು. ಅಂಗಡಿಯಲ್ಲಿ ಗಾಡಿ ಒಪ್ಪಿಸುವಾಗ ಈ ಲಿವರ್ ಬಗ್ಗೆ ಹೇಳಿದ್ದನ್ನು ಕಿವಿಗೊಟ್ಟು ಕೇಳಿದ್ದು ಅಕ್ಕ ಒಬ್ಬಳೇ. ಭಾವ ಆಗ ಹೊರಗಿನ ಟಿವಿ ಹೇಗೆ ಬಿಚ್ಚೋದು ಅಂತ ನೋಡುತ್ತಿದ್ದರು.

ನಾನು ಎಣಿಸಿದ್ದು ಆರು ಓಲಾಟ. ಹನ್ನೆರಡು ಸೆಕೆಂಡ್ ಆಗಿರಬಹುದು.

ಮೂರು ತೂಕದ ಚೀಟಿ

ಹತ್ತಿರದ ಟ್ರಕ್ ಸ್ಟಾಪ್‌ನಲ್ಲಿ ವೇ ಬ್ರಿಡ್ಜ್ ಇತ್ತು. ನಮ್ಮೂರ ಸಕ್ಕರೆ ಫ್ಯಾಕ್ಟರಿ ಮುಂದೆ ಕಬ್ಬಿನ ಗಾಡಿ ತೂಗುತ್ತಾರಲ್ಲ, ಹಾಗೇ. ಒಂದು ವ್ಯತ್ಯಾಸ ಅಂದರೆ ಇಲ್ಲಿ ಒಂದೊಂದು ಆ್ಯಕ್ಸಲ್ ತೂಕವೂ ಬೇರೆ ಬೇರೆ ಸಿಗುತ್ತದೆ. ಮೂರು ಸಲ ತೂಗಿಸಿದೆವು. ಸ್ಪ್ರಿಂಗ್ ಬಾರ್ ಹಾಕಿಕೊಂಡು ಒಂದು ಸಲ, ಅದನ್ನು ಬಿಚ್ಚಿ ಒಂದು ಸಲ, ಟ್ರೈಲರ್ ಬಿಟ್ಟು ಬರೀ ಪಿಕಪ್ ಒಂದು ಸಲ.

ಬರೀ ಪಿಕಪ್, ಜನ ಸಮೇತ: ಮುಂದೆ 3,340 ಪೌಂಡ್, ಹಿಂದೆ 2,860. ಟ್ರೈಲರ್ ಸಿಕ್ಕಿಸಿ, ಬಾರ್ ಇಲ್ಲದೆ: ಮುಂದೆ 3,080, ಹಿಂದೆ 3,740, ಟ್ರೈಲರ್ ಚಕ್ರಗಳ ಮೇಲೆ 6,220. ಕೂಡಿ ಕಳೆದರೆ ಬಾಲ್ ಮೇಲೆ ಕೂತ ಭಾರ 620 ಪೌಂಡ್. ಟ್ರೈಲರ್‌ನ ಒಟ್ಟು ತೂಕ 6,840 ಪೌಂಡ್, ಸುಮಾರು 3,100 ಕಿಲೋ. ಅಂದರೆ ಮೂತಿಯ ಮೇಲೆ ಬಿದ್ದದ್ದು ಶೇ. 9 ಮಾತ್ರ. ಇಂಥ ಟ್ರೈಲರ್‌ಗೆ ಶೇ. 10ರಿಂದ 15 ಇರಬೇಕು. 12-13 ಇದ್ದರೆ ನೆಮ್ಮದಿ.

ಇನ್ನೊಂದು ಸಂಗತಿ. ಟ್ರೈಲರ್ ಸಿಕ್ಕಿಸಿದ ಮೇಲೆ ಪಿಕಪ್‌ನ ಮುಂದಿನ ಚಕ್ರಗಳು 260 ಪೌಂಡ್ ಕಳೆದುಕೊಂಡಿದ್ದವು. ಸ್ಪ್ರಿಂಗ್ ಬಾರ್ ಹಾಕಿದಾಗ ಅದರಲ್ಲಿ ವಾಪಸ್ ಬಂದದ್ದು ಬರೀ 40. ಬಾರ್‌ಗಳನ್ನು ಎಳೆದು ಹಿಡಿಯುವ ಸರಪಳಿಯನ್ನು ಅಂಗಡಿಯವರು ಎಷ್ಟು ಸಡಿಲ ಬಿಟ್ಟಿದ್ದರೆಂದರೆ ಬಾರ್‌ಗಳು ಸುಮ್ನೆ ಶೋಕಿಗೆ ನೇತಾಡುತ್ತಿದ್ದವು. ಸ್ಟೀರಿಂಗ್ ಮಾಡುವ ಚಕ್ರವೇ ಹಗುರ ಅಂದ ಮೇಲೆ ಭಾವ ಏನು ತಿರುಗಿಸಿದರೇನು.

ಮೂತಿ ಯಾಕೆ ಹಗುರಾಯಿತು? ಹಿಂದಿನ ಬಂಪರ್‌ಗೆ ರ‍್ಯಾಕ್ ಹಾಕಿ ನಾಲ್ಕು ಸೈಕಲ್ ಕಟ್ಟಿದ್ದರು. ರ‍್ಯಾಕ್ ಸೇರಿ 180 ಪೌಂಡ್. ಅದು ಚಕ್ರಕ್ಕಿಂತ 13 ಅಡಿ ಹಿಂದೆ. ಏತದ ಲೆಕ್ಕವೇ ಇದು: 180ನ್ನು 13ರಿಂದ ಗುಣಿಸಿ 18ರಿಂದ ಭಾಗಿಸಿದರೆ 130. ಅಷ್ಟು ಭಾರವನ್ನು ಸೈಕಲ್‌ಗಳು ಮೂತಿಯಿಂದ ಎತ್ತಿ ಹಾಕಿದ್ದವು. ಇನ್ನು 40 ಗ್ಯಾಲನ್‌ನ ನೀರಿನ ಟ್ಯಾಂಕ್ ಚಕ್ರದ 4 ಅಡಿ ಹಿಂದೆ ಇದೆ. ಕ್ಯಾಂಪಿನಲ್ಲಿ ನೀರು ಹೇಗಿರುತ್ತೋ ಅಂತ ಅಕ್ಕ ಮನೆಯಲ್ಲೇ ಪೂರ್ತಿ ತುಂಬಿಸಿದ್ದಳು. 334 ಪೌಂಡ್ ನೀರು, ಮೂತಿಯಿಂದ ಎತ್ತಿದ್ದು 74.

ಅಪ್ಪನಿಗೆ ಈ ಅಂಕಿ ಯಾವುದೂ ಬೇಕಿರಲಿಲ್ಲ. ಎತ್ತಿನಗಾಡಿ ಹೊಡೆದವರಿಗೆ ಇದು ಅಂಗೈ ನೆಲ್ಲಿಕಾಯಿ. ಗಾಡಿಗೆ ಹುಲ್ಲು ಹೇರುವಾಗ ಹಿಂಭಾರ ಆದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕತ್ತಿಗೆ ಸಿಕ್ಕಿ ಉಸಿರು ಕಟ್ಟುತ್ತದೆ. ಮುಂಭಾರ ಜಾಸ್ತಿಯಾದರೆ ಎತ್ತು ಮಂಡಿಯೂರುತ್ತದೆ. ಹೇರಿದ ಮೇಲೆ ಒಬ್ಬ ಮೂಕಿ ಎತ್ತಿ ತೂಗಿ ನೋಡುತ್ತಾನೆ. ಕೈಗೆ ಹದವಾದ ಭಾರ ಸಿಗಬೇಕು. ಅಮೆರಿಕದವರು ಟಂಗ್ ವೆಯ್ಟ್ ಅನ್ನೋದು ಇದನ್ನೇ. ನಾಲಿಗೆ ಅಂತೆ! ಮೂಕಿ ಅನ್ನೋದೇ ಚಂದ, ಅಲ್ವಾ?

ಎತ್ತಿನಗಾಡಿಯಲ್ಲಿ ಹಿಂಭಾರದಿಂದ ಕತ್ತು ನೋಯುತ್ತದೆ, ಅಷ್ಟೆ. ನಡಿಗೆಯ ವೇಗದಲ್ಲಿ ಯಾವ ಗಾಡಿಯೂ ಬಾಲ ಬೀಸುವುದಿಲ್ಲ. ಅದಕ್ಕೆ ವೇಗ ಬೇಕು. ಅಕ್ಕನ ಉತ್ತರ ಬರೋದು ಇಲ್ಲೇ. ಟ್ರೈಲರ್ ಅಡ್ಡ ಜಾರಿದಾಗ ಅದನ್ನು ತಡೆಯೋದು ಅದರ ಟೈರು. ಟೈರು ಎಷ್ಟು ಜೋರಾಗಿ ತಡೆಯುತ್ತದೆ ಅನ್ನೋದು ಅದು ಎಷ್ಟು ಓರೆಯಾಗಿ ಉರುಳುತ್ತಿದೆ ಅನ್ನೋದರ ಮೇಲಿದೆ. ಅಡ್ಡಕ್ಕೆ ಅಷ್ಟೇ ಜಾರಿ, ಮುಂದಕ್ಕೆ ಎರಡು ಪಟ್ಟು ವೇಗದಲ್ಲಿ ಹೋದರೆ ಓರೆ ಅರ್ಧವಾಗುತ್ತದೆ, ತಡೆಯುವ ಬಲವೂ ಅರ್ಧ. ಹಾಗಾಗಿ ವೇಗ ಏರಿದಂತೆ ಓಲಾಟ ತಣಿಯುವುದು ನಿಧಾನವಾಗುತ್ತದೆ. ಒಂದು ವೇಗಕ್ಕೆ ಬಂದಾಗ ತಣಿಯುವುದೇ ನಿಲ್ಲುತ್ತದೆ. ಅದರಾಚೆ ಹೋದರೆ ಪ್ರತಿ ಓಲಾಟ ಹಿಂದಿನದಕ್ಕಿಂತ ದೊಡ್ಡದು. ಆ ವೇಗ ಒಂದೊಂದು ಗಾಡಿಗೆ ಒಂದೊಂದು. ಮೂತಿ ಹಗುರಾದಷ್ಟೂ, ಭಾರ ಎರಡು ತುದಿಗೆ ಹರಡಿದಷ್ಟೂ ಅದು ಕೆಳಗಿಳಿಯುತ್ತದೆ. ನಮ್ಮದು ಅವತ್ತು 65ರ ಆಸುಪಾಸಿಗೆ ಇಳಿದಿತ್ತು ಅಂತ ಕಾಣುತ್ತದೆ. ತುದಿಯ ಭಾರಕ್ಕೆ ಇನ್ನೊಂದು ಕೆಟ್ಟ ಗುಣ: ದೂರ ಎರಡು ಪಟ್ಟಾದರೆ ಅದರ ತಿರುಗುವ ಮೊಂಡುತನ ನಾಲ್ಕು ಪಟ್ಟು. ಸೈಕಲ್ ಕಟ್ಟೋಕೆ ಅದಕ್ಕಿಂತ ಕೆಟ್ಟ ಜಾಗ ಆ ಗಾಡಿಯಲ್ಲಿ ಇರಲಿಲ್ಲ.

ಸೈಕಲ್‌ಗಳನ್ನೂ ರ‍್ಯಾಕನ್ನೂ ಪಿಕಪ್‌ಗೆ ಹಾಕಿದೆವು. ನೀರು ಬಿಟ್ಟೆವು. ಮೂತಿಯ ಭಾರ ಲೆಕ್ಕದಲ್ಲಿ 824, ಟ್ರೈಲರ್ ಒಟ್ಟು 6,326, ಅಂದರೆ ಶೇ. 13. ಟ್ರೈಲರ್ ಟೈರುಗಳಲ್ಲಿ 65 ಇರಬೇಕಿದ್ದ ಗಾಳಿ 50 ಇತ್ತು, ತುಂಬಿಸಿದೆವು. ಸರಪಳಿಯನ್ನು ಎರಡು ಕೊಂಡಿ ಬಿಗಿ ಮಾಡಿದೆವು. ಇಷ್ಟಕ್ಕೆ ಖರ್ಚಾದದ್ದು ತೂಕದ ಚೀಟಿಯ ದುಡ್ಡು ಮಾತ್ರ.

ಸಂಜೆ 58 ಮೈಲಿಯಲ್ಲಿ ಹೋಗಿ ಮ್ಯಾಕಿನಾ ಸೇತುವೆ ದಾಟಿದೆವು. 1957ರಲ್ಲಿ ತೆರೆದ ಈ ಸೇತುವೆ 5 ಮೈಲಿ ಉದ್ದ. ಗಾಳಿ 35 ಮೈಲಿ ಮೀರಿದರೆ ಟ್ರೈಲರ್‌ನಂಥ ಎತ್ತರದ ಗಾಡಿಗಳನ್ನು ಅಲ್ಲಿನವರು ತಮ್ಮ ವಾಹನದ ಹಿಂದೆ 20 ಮೈಲಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಅವತ್ತು ಗಾಳಿ ಇರಲಿಲ್ಲ. ಆದರೂ ಭಾವ 30ರಲ್ಲೇ ದಾಟಿದರು. ಮರುದಿನ ಟಕ್ವಾಮೆನಾನ್ ಜಲಪಾತ. ನೀರಿನ ಬಣ್ಣ ಥೇಟ್ ಫಿಲ್ಟರ್ ಡಿಕಾಕ್ಷನ್. ಯಾರಿಗೂ ಅದನ್ನು ನೋಡುವ ಮನಸ್ಸಿರಲಿಲ್ಲ.

ಬಿಗಿ ಮಾಡಿದರೆ ಏನು ತಪ್ಪು?

ವಾಪಸ್ ಬರುವಾಗ ಒಂದು ಕೆಲಸ ಮಾಡಿದೆ. ನನ್ನ ಹಳೇ ಫೋನನ್ನು ಟ್ರೈಲರ್ ನೆಲಕ್ಕೆ ಟೇಪ್ ಹಾಕಿ ಅಂಟಿಸಿದೆ. ಫೋನಿನೊಳಗಿನ ಗೈರೊ ಗಾಡಿ ಎಷ್ಟು ಬೇಗ ಆಚೀಚೆ ತಿರುಗುತ್ತಿದೆ ಅನ್ನೋದನ್ನು ಬರೆದುಕೊಳ್ಳುತ್ತದೆ. ಪ್ರತಿ ಲಾರಿ ಪಕ್ಕ ಹಾದಾಗ ಒಂದು ಏಟು, ಆಮೇಲೆ ಎಷ್ಟು ಓಲಾಟದಲ್ಲಿ ಸುಮ್ಮನಾಯಿತು ಅಂತ ಎಣಿಸಬಹುದು. 60 ಮೈಲಿಯಲ್ಲಿ ಮೂರು ಬರುತ್ತಿತ್ತು. ಅಪಾಯ ಇಲ್ಲ. ಆದರೆ ಭಾವನ ಕೈ ಸ್ಟೀರಿಂಗ್ ಮೇಲೆ ಬಿಳುಚಿಕೊಂಡಿತ್ತು.

ಮನೆಗೆ ಬಂದ ಮೇಲೆ ಅಂಗಡಿಯವನ ಉತ್ತರದ ಮೇಲೆ ಜಗಳ ಶುರುವಾಯಿತು. "ಅವನು ದಿನಾ ಇದೇ ಕೆಲಸ ಮಾಡ್ತಾನೆ ಕಣಯ್ಯ. ಬಿಗಿ ಮಾಡಿದರಾಯ್ತಲ್ಲ?" ಅಂದರು ಭಾವ.

"ಭಾವ, ಜ್ವರ ಹಾಗೇ ಇದೆ, ನೀವು ಬಿಗಿ ಮಾಡ್ತಿರೋದು ಥರ್ಮಾಮೀಟರನ್ನ" ಅಂದೆ. ಅವರಿಗೆ ಸಿಟ್ಟು ಬಂತು. ಆದರೆ ನನ್ನ ಮಾತಿನಲ್ಲಿ ಲೆಕ್ಕ ಇತ್ತು.

ಉಜ್ಜಾಟದ ಬಲ ಹೆಚ್ಚುಕಡಿಮೆ ಒಂದೇ ಸಮ. ಓಲಾಟ ಚಿಕ್ಕದಿರಲಿ, ದೊಡ್ಡದಿರಲಿ, ಅದೇ ಬಲ. ಹಾಗಾಗಿ ಓಲಾಟ ಎರಡು ಪಟ್ಟಾದರೆ ಫ್ರಿಕ್ಷನ್ ಬಾರ್ ತಿನ್ನುವ ಶಕ್ತಿ ಎರಡು ಪಟ್ಟಾಗುತ್ತದೆ. ಆದರೆ ಆ ಮಿತಿಯ ವೇಗ ದಾಟಿದ ಮೇಲೆ ಓಲಾಟಕ್ಕೆ ಬಂದು ಸೇರುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಇದರ ಅರ್ಥ ಏನು? ಚಿಕ್ಕ ಓಲಾಟವನ್ನೆಲ್ಲ ಬಾರ್ ನುಂಗಿಹಾಕುತ್ತದೆ. ಚಾಲಕನಿಗೆ ಏನೂ ಗೊತ್ತಾಗದು. ಗಾಡಿ ಬಂಡೆಯಂತಿದೆ ಅನಿಸುತ್ತದೆ, ವೇಗ ಏರುತ್ತದೆ. ಒಂದು ದಿನ ಲಾರಿಯ ಏಟೊಂದು ಆ ಗಡಿ ದಾಟಿಸುತ್ತದೆ. ಅಲ್ಲಿಂದಾಚೆ ಬಾರ್ ಇದ್ದೂ ಇಲ್ಲದಂತೆ. ಬೆಳಿಗ್ಗೆಯಿಂದ ಏನೂ ಆಗದೆ ಬಂದು ಇದ್ದಕ್ಕಿದ್ದಂತೆ ಹುಚ್ಚೆದ್ದದ್ದು ಇದಕ್ಕೇ. ಫ್ರಿಕ್ಷನ್ ಬಾರ್ ಇಲ್ಲದಿದ್ದರೆ ಬೇ ಸಿಟಿಯಲ್ಲೇ ಗಾಡಿ ಅಳುಕುತ್ತಿತ್ತು, ಭಾವ ಅಲ್ಲೇ ನಿಲ್ಲಿಸಿರುತ್ತಿದ್ದರು ಅಂತ ನನ್ನ ನಂಬಿಕೆ.

ಫ್ರಿಕ್ಷನ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಸರಿಯಾಗಿ ಹೇರಿದ ಗಾಡಿಗೆ ಅದು ಒಳ್ಳೆಯ ಜೊತೆ. ರಿವರ್ಸ್‌ನಲ್ಲಿ ಜೋರು ತಿರುವಿದ್ದರೆ ಬಿಚ್ಚಬೇಕು, ಮಳೆ ಮಂಜಿನಲ್ಲಿ ಸಡಿಲ ಮಾಡಬೇಕು, ಅಷ್ಟೆ. ಹಿಂಭಾರಕ್ಕೆ ಮದ್ದು ಅಂತ ಮಾರಿದ್ದು ತಪ್ಪು.

ಐದನೆಯ ಉತ್ತರ

ಈಗ ಆ 62 ಇಂಚು.

ಟ್ರೈಲರ್ ಬಾಲ್ ಅನ್ನು ಎಡಕ್ಕೆ ತಳ್ಳಿತು ಅಂದುಕೊಳ್ಳಿ. ಬಾಲ್ ಇರೋದು ಪಿಕಪ್‌ನ ಹಿಂದಿನ ಚಕ್ರದಿಂದ ಐದಡಿಗೂ ಹಿಂದೆ. ಹಿಂದಿನ ಚಕ್ರವೇ ಕೀಲು, ಬಾಲ್ ಹಿಡಿಕೆ. ಹಿಡಿಕೆಯನ್ನು ಎಡಕ್ಕೆ ದೂಡಿದರೆ ಪಿಕಪ್‌ನ ಮೂತಿ ಬಲಕ್ಕೆ ತಿರುಗುತ್ತದೆ. ದೋಣಿಯ ಚುಕ್ಕಾಣಿ ಇದ್ದ ಹಾಗೆ. ಚಾಲಕ ಕೈ ಅಲ್ಲಾಡಿಸದಿದ್ದರೂ ಟ್ರೈಲರ್ ಅವನ ಗಾಡಿಯನ್ನು ಸ್ಟೀರ್ ಮಾಡುತ್ತಿರುತ್ತದೆ. ತಿರುಗಿದ ಪಿಕಪ್ ಮತ್ತೆ ಟ್ರೈಲರ್‌ನ ಮೂತಿಯನ್ನು ಎಳೆಯುತ್ತದೆ. ಇವರಿಬ್ಬರ ಈ ಎಳೆದಾಟವೇ ಓಲಾಟ.

ಹಾಗಾದರೆ 18 ಚಕ್ರದ ಸೆಮಿ ಲಾರಿಗಳು ಯಾಕೆ ಹೀಗೆ ಓಲಾಡುವುದಿಲ್ಲ? ಅವುಗಳ ಟ್ರೈಲರ್ ಕೂರುವುದು ಹಿಂದಿನ ಆ್ಯಕ್ಸಲ್‌ಗಳ ಮೇಲೇ. ಅಲ್ಲಿ ಎಷ್ಟೇ ಅಡ್ಡ ತಳ್ಳಿದರೂ ಟೈರು ನೇರವಾಗಿ ತಡೆದುಕೊಳ್ಳುತ್ತದೆ. ತಿರುಗಿಸೋಕೆ ಹಿಡಿಕೆಯೇ ಇಲ್ಲ. ನಮ್ಮ ಪಿಕಪ್‌ನಲ್ಲೂ ಆ ಕೀಲನ್ನು ಹಿಂದಿನ ಆ್ಯಕ್ಸಲ್ ಹತ್ತಿರ ಒಯ್ದರೆ ಸಾಕು. ಆದರೆ ಅಲ್ಲಿ ಟ್ಯಾಂಕು, ಚಾಸಿ, ಬಂಪರ್ ಎಲ್ಲ ಅಡ್ಡ. ನಿಜವಾದ ಕೀಲು ಇಡೋಕಾಗದು.

ಇಲ್ಲಿ ಬರುತ್ತದೆ ಲಿಂಕ್ ಹಿಚ್. ಮಿಷಿಗನ್‌ನ ಜಿಮ್ ಹೆನ್ಸ್‌ಲಿ ಅನ್ನೋರ ಉಪಾಯ ಇದು. 1990ರ ದಶಕದಲ್ಲಿ ಹೆನ್ಸ್‌ಲಿ ಆ್ಯರೋ ಅಂತ ಬಂತು. ಆಮೇಲೆ ಅವರೇ ರೂಪಿಸಿದ ಇನ್ನೊಂದು ಪ್ರೊಪ್ರೈಡ್ 3ಪಿ ಅಂತ. ಎರಡೂ ಮಿಷಿಗನ್‌ನಲ್ಲೇ ಹುಟ್ಟಿದವು. ಹೊಸದಕ್ಕೆ ಆಗ ಸುಮಾರು 3,000 ಡಾಲರ್ ಇತ್ತು. ಬೆಲೆ ಕೇಳಿ ಅಕ್ಕ, "ಅಷ್ಟು ದುಡ್ಡಿಗೆ ಊರಲ್ಲಿ ಒಂದು ಜೊತೆ ಒಳ್ಳೇ ಎತ್ತೇ ಬರುತ್ತೆ" ಅಂದಳು. ಭಾವ ಅರ್ಧ ಬೆಲೆಗೆ ಹಳೆಯದೊಂದನ್ನು ಹುಡುಕಿದರು. ನೂರೈವತ್ತು ಪೌಂಡ್‌ಗೂ ಜಾಸ್ತಿ ತೂಗುವ ಕಬ್ಬಿಣ. ಇಬ್ಬರೂ ಸೇರಿ ಗ್ಯಾರೇಜಿಗೆ ಇಳಿಸುವಾಗ ಸೊಂಟ ಕೂಗಿತು.

ಅದು ಹೇಗೆ ಕೆಲಸ ಮಾಡುತ್ತದೆ ಅಂತ ಅಕ್ಕನಿಗೆ ಹೇಳೋಕೆ ನಮ್ಮಜ್ಜಿ ಮನೆಯ ಉಯ್ಯಾಲೆ ನೆನಪಿಸಬೇಕಾಯಿತು. ಆ ಉಯ್ಯಾಲೆಯ ಸರಪಳಿಗಳು ಮೇಲೆ ತೊಲೆಯಲ್ಲಿ ಹತ್ತಿರ ಹತ್ತಿರ, ಕೆಳಗೆ ಮಣೆಯ ಎರಡು ತುದಿಯಲ್ಲಿ ದೂರ ದೂರ. ಹಾಗಾಗಿ ಎರಡೂ ಓರೆ. ಆ ಓರೆ ಗೆರೆಗಳನ್ನು ಮನಸ್ಸಿನಲ್ಲೇ ಇನ್ನೂ ಮೇಲಕ್ಕೆ ಎಳೆದರೆ ಅಟ್ಟದ ಮೇಲೆ ಎಲ್ಲೋ ಒಂದು ಕಡೆ ಕೂಡುತ್ತವೆ. ಈಗ ಮಣೆಯ ಒಂದು ತುದಿ ಹಿಡಿದು ಅದರ ಉದ್ದಕ್ಕೇ ಸ್ವಲ್ಪ ದೂಡಿ. ಮಣೆ ಬರೀ ಜರುಗುವುದಿಲ್ಲ, ಒಂದು ಚೂರು ವಾಲುತ್ತದೆ ಕೂಡ. ಅದು ಸುತ್ತುತ್ತಿರೋದು ಅಟ್ಟದ ಮೇಲಿನ ಆ ಬಿಂದುವನ್ನು. ಅಲ್ಲಿ ಕೊಂಡಿಯಿಲ್ಲ, ಮೊಳೆಯಿಲ್ಲ, ಏನೂ ಇಲ್ಲ. ಆದರೂ ಅಲ್ಲೇ ಕೀಲಿದ್ದಂತೆ ನಡೆದುಕೊಳ್ಳುತ್ತದೆ.

ಈ ಉಯ್ಯಾಲೆಯನ್ನು ನೆಲಕ್ಕೆ ಮಲಗಿಸಿ. ತೊಲೆಯ ಜಾಗದಲ್ಲಿ ಪಿಕಪ್‌ಗೆ ಸಿಕ್ಕಿಸಿದ ಭಾಗ, ಮಣೆಯ ಜಾಗದಲ್ಲಿ ಟ್ರೈಲರ್‌ಗೆ ಬಿಗಿದ ಭಾಗ, ಸರಪಳಿಗಳ ಬದಲು ಎರಡು ಗಟ್ಟಿ ಉಕ್ಕಿನ ಲಿಂಕ್. ಲಿಂಕ್‌ಗಳ ಗೆರೆಗಳು ಮುಂದಕ್ಕೆ ಹೋಗಿ ಕೂಡುವುದು 50 ಇಂಚಿನಷ್ಟು ದೂರದಲ್ಲಿ, ಪಿಕಪ್‌ನ ಹಿಂದಿನ ಆ್ಯಕ್ಸಲ್ ಹತ್ತಿರ. ಟ್ರೈಲರ್ ಅಡ್ಡ ತಳ್ಳಿದಾಗ ಆ ಬಲ ಆ ಕಾಣದ ಕೀಲಿನ ಮೂಲಕವೇ ಹಾದುಹೋಗಬೇಕು. ಹಿಡಿಕೆ ಗಿಡ್ಡವಾಯಿತು.

ನಂಬಿಕೆ ಬರಲಿ ಅಂತ ಗ್ಯಾರೇಜಿನಲ್ಲಿ ದಾರ ಕಟ್ಟಿ ನೋಡಿದೆವು. ಎರಡು ಲಿಂಕ್‌ಗಳ ಪಿನ್ ಹಿಡಿದು ಎರಡು ದಾರ ಮುಂದಕ್ಕೆಳೆದು, ಕೂಡಿದಲ್ಲಿ ನೆಲಕ್ಕೆ ಸೀಮೆಸುಣ್ಣದ ಗುರುತು. ಆ್ಯಕ್ಸಲ್‌ನಿಂದ ತೂಗುಗುಂಡು ಬಿಟ್ಟು ಇನ್ನೊಂದು ಗುರುತು. ನಡುವೆ 15 ಇಂಚು. ಈ ಹಿಚ್‌ನಲ್ಲಿ ಬಾಲ್ ಮಾಮೂಲಿಗಿಂತ ಸ್ವಲ್ಪ ಹಿಂದಕ್ಕೆ ಹೋಗುವುದರಿಂದ ಸರಿಯಾಗಿ ಆ್ಯಕ್ಸಲ್ ಮೇಲೇ ಬೀಳಲಿಲ್ಲ. ಇರಲಿ. 62 ಇದ್ದದ್ದು 15ಕ್ಕೆ ಬಂತು. ಕಾಲು ಭಾಗ.

ಜಾಹೀರಾತುಗಳ ಬಗ್ಗೆ ಒಂದು ಮಾತು. ಪಿಕಪ್ ಟ್ರೈಲರನ್ನು ತಿರುಗಿಸಬಹುದು, ಟ್ರೈಲರ್ ಪಿಕಪ್ಪನ್ನು ತಿರುಗಿಸಲಾಗದು ಅನ್ನೋ ಥರ ಮಾತು ಈ ಹಿಚ್‌ಗಳ ಬಗ್ಗೆ ಬಹಳ ಓಡಾಡುತ್ತದೆ. ಕೇಳಿದರೆ ಒಂದೇ ಕಡೆ ತೆರೆಯುವ ಬಾಗಿಲಿನಂತೆ ಅನಿಸುತ್ತದೆ. ಲಿಂಕ್‌ಗಳಿಗೆ ಅಂಥ ಪಕ್ಷಪಾತ ಗೊತ್ತಿಲ್ಲ. ಎರಡೂ ಕಡೆಗೂ ಕೀಲು ಒಂದೇ ಜಾಗದಲ್ಲಿದೆ. ಪಿಕಪ್ ತಿರುವು ತೆಗೆದುಕೊಳ್ಳುವಾಗ ಅದು ತಿರುಗುವುದೂ ಹಿಂದಿನ ಆ್ಯಕ್ಸಲ್ ಸುತ್ತಮುತ್ತಲೇ. ಅದಕ್ಕೆ ಕೀಲು ಸಲೀಸಾಗಿ ಮಡಚಿಕೊಳ್ಳುತ್ತದೆ. ಅಡ್ಡಗಾಳಿ ಬಂದರೆ ಇಡೀ ಜೋಡಿ ಲೇನಿನಲ್ಲಿ ಜರುಗೋದು ಈಗಲೂ ಇದೆ. ಹಿಂಭಾರ ಹೇರಿದರೆ ಇದೂ ಸಹ ಕಾಪಾಡುತ್ತದೆ ಅಂತ ನಂಬಿ ಕೂರುವ ಧೈರ್ಯ ನನಗಿಲ್ಲ.

ಹಾಕುವಾಗ ಹಿಚ್‌ನ ತೂಕವೂ ಮೂತಿಯ ಭಾರಕ್ಕೆ ಸೇರುತ್ತದೆ. ಪಿಕಪ್ ಬಾಗಿಲಿನ ಸ್ಟಿಕರ್‌ನಲ್ಲಿ ಎಷ್ಟು ಹೊರಬಹುದು ಅಂತ ಬರೆದಿರುತ್ತದೆ, ಅದಕ್ಕೆ ಹೊಂದಿಸಿ ಭಾವನ ಗ್ರಿಲ್ಲು, ಜನರೇಟರ್ ಎರಡನ್ನೂ ಮನೆಯಲ್ಲೇ ಬಿಡಬೇಕಾಯಿತು. ಮತ್ತೆ ತೂಗಿಸಿ, ಮುಂದಿನ ಚಕ್ರ ಕಳೆದುಕೊಂಡ ಭಾರದಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ಬರುವ ಹಾಗೆ ಸ್ಪ್ರಿಂಗ್ ಬಾರ್ ಸರಿ ಮಾಡಿದೆವು.

ಮೊದಲ ಸಲ ಹೊರಟಾಗ ಫೋನ್ ತೋರಿಸಿದ್ದು ನಿರಾಸೆ. ಲಾರಿ ಹಾದರೆ ಮೂರು ಓಲಾಟ, ಮೊದಲಿನಷ್ಟೇ. ಭಾವ ನನ್ನ ಮುಖ ನೋಡಿದರು. ನಾನು ಗಾಡಿಯಡಿ ತೂರಿದೆ. ಈ ಹಿಚ್‌ನಲ್ಲೂ ಒಳಗೊಂದು ಮಾಮೂಲಿ ಬಾಲ್ ಇದೆ. ಟ್ರೈಲರ್ ಕೂರೋದು ಅದರ ಮೇಲೇ. ಅದು ತಿರುಗದಂತೆ ಎರಡು ಕಡೆಯಿಂದ ಸ್ಟ್ರಟ್ ಅನ್ನೋ ಸರಳುಗಳು ಹಿಚ್ಚನ್ನು ಟ್ರೈಲರ್ ಚೌಕಟ್ಟಿಗೆ ಬಿಗಿಯಾಗಿ ಹಿಡಿದಿರಬೇಕು. ಎಡಗಡೆಯದ್ದರ ನಟ್ಟು ಸಡಿಲ. ಅಂದರೆ ಅಷ್ಟು ದೂರ ಟ್ರೈಲರ್ ಸುತ್ತುತ್ತಿದ್ದದ್ದು ಹಳೇ ಬಾಲ್ ಮೇಲೇ. ಲಿಂಕ್‌ಗಳು ಸುಮ್ಮನೆ ಪ್ರಯಾಣ ಮಾಡುತ್ತಿದ್ದವು. ನಟ್ಟು ಬಿಗಿ ಮಾಡಿದ್ದು ನಾನಲ್ಲ, ಭಾವ. ಬಿಗಿ ಮಾಡುತ್ತಾ, "ಕೊನೆಗೂ ಬಿಗಿ ಮಾಡೋದೇ ಮದ್ದು ನೋಡು" ಅಂತ ಚುಚ್ಚಿದರು.

ಆಮೇಲೆ ಅದೇ ರಸ್ತೆ, ಅದೇ 60 ಮೈಲಿ. ಲಾರಿ ಹಾದಾಗ ಒಂದು ಏಟು, ಒಂದು ಸಣ್ಣ ಮರುಏಟು, ಗೆರೆ ಸಪಾಟು. ಮೂವತ್ತಕ್ಕೂ ಹೆಚ್ಚು ಲಾರಿ ಎಣಿಸಿದೆ. ಪಿಕಪ್‌ನ ಡ್ಯಾಶ್‌ಬೋರ್ಡಿಗೆ ಅಂಟಿಸಿದ ಇನ್ನೊಂದು ಫೋನಿನಲ್ಲಂತೂ ಎಷ್ಟೋ ಏಟು ಕಾಣಲೇ ಇಲ್ಲ. ಟ್ರೈಲರ್ ಹಿಡಿಕೆ ಹಿಡಿದು ಪಿಕಪ್ ತಿರುಗಿಸುವುದು ನಿಂತಿತ್ತು.

ಕಷ್ಟ ಒಂದಿದೆ. ಈ ಹಿಚ್‌ಗೆ ಪಿಕಪ್‌ನ ಹಿಂದೆ ಚಾಚಿಕೊಂಡ ಕಬ್ಬಿಣದ ತುಂಡನ್ನು ಸರಿಯಾದ ಕೋನದಲ್ಲಿ, ಸರಿಯಾದ ಎತ್ತರದಲ್ಲಿ ತೂರಿಸಬೇಕು. ಮಾಮೂಲಿ ಬಾಲ್ ಆದರೆ ಒಂದಿಂಚು ಆಚೀಚೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ. ಓರೆಯಾದ ನೆಲದ ಕ್ಯಾಂಪಿನಲ್ಲಿ ಬೆಳಿಗ್ಗೆ ಅಕ್ಕ ಹಿಂದೆ ನಿಂತು ಕೈ ಮಾಡೋದು, ಭಾವ ಕನ್ನಡಿಯಲ್ಲಿ ನೋಡಿ ತಪ್ಪು ತಿಳಿಯೋದು, ಅಕ್ಕಪಕ್ಕದ ಟೆಂಟಿನವರು ಕಾಫಿ ಹಿಡಿದು ನೋಡೋದು. ಮೊದಲ ವರ್ಷ ಪ್ರತಿ ಪ್ರವಾಸದಲ್ಲೂ ಅರ್ಧ ಗಂಟೆ ಇದಕ್ಕೇ ಮೀಸಲು.

2023ರ ಬೇಸಿಗೆಗೆ ಅಪ್ಪ ಬಂದರು. ಭಾವ ಬಹಳ ಉತ್ಸಾಹದಿಂದ ಹಿಚ್ ತೋರಿಸಿದರು. ಲಿಂಕ್, ಸ್ಟ್ರಟ್, ಗ್ರೀಸ್ ಹಾಕುವ ಜಾಗ, ಕಾಣದ ಕೀಲು, ಎಲ್ಲ. ಅಪ್ಪ ಹೂಂ ಹೂಂ ಅಂತ ಕೇಳಿದರು. ಆಮೇಲೆ ಕೈ ಹಿಂದೆ ಕಟ್ಟಿಕೊಂಡು ನಿಧಾನಕ್ಕೆ ಟ್ರೈಲರ್‌ನ ಹಿಂಭಾಗಕ್ಕೆ ನಡೆದರು. ಬಂಪರ್ ಹತ್ತಿರ ಬಗ್ಗಿ, ರ‍್ಯಾಕ್ ಬಿಚ್ಚಿದ ಮೇಲೆ ಉಳಿದಿದ್ದ ಎರಡು ಬೋಲ್ಟ್ ತೂತುಗಳ ಮೇಲೆ ಬೆರಳಾಡಿಸಿದರು.

"ಇಲ್ಲೇನ್ ಕಟ್ಟಿದ್ರಿ?"

ಭಾವ ನನ್ನ ಕಡೆ ನೋಡಿದರು. ನಾನು ಟೈರಿನ ಗಾಳಿ ನೋಡುವವನಂತೆ ಕೂತೆ.

"ಸೈಕಲ್ಲು, ಮಾವ" ಅಂದರು ಭಾವ.